ಎಲ್ಕ್, ಜಿಂಕೆ ಬೇಟೆಯಲ್ಲಿ ಮೈವಾಸನೆ ತಡೆಯುವ ಸಾಮಾನು ಕೊಳ್ಳಬೇಕಾ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ಬೇಟೆ ಸಾಮಾನು ಮಾರುವ ದೊಡ್ಡ ಅಂಗಡಿಗಳಿಗೆ ಹೋದರೆ ವಾಸನೆ ತಡೆಯುವ ಸಾಮಾನಿಗೇ ಒಂದು ಸಾಲು ಮೀಸಲಿರುತ್ತದೆ. ಸ್ಪ್ರೇ, ಸೋಪು, ಶಾಂಪೂ, ಬಟ್ಟೆ ಒಗೆಯುವ ದ್ರವ, ಇದ್ದಿಲು ಸೇರಿಸಿದ ಜಾಕೆಟ್, ಓಝೋನ್ ಯಂತ್ರ. ಎಲ್ಲವನ್ನೂ ಒಟ್ಟಿಗೆ ಕೊಂಡರೆ ಒಂದು ಒಳ್ಳೆಯ ಬೈನಾಕ್ಯುಲರ್ ದುಡ್ಡು ಖರ್ಚಾಗುತ್ತದೆ. ಹೊಸದಾಗಿ ಬೇಟೆ ಕಲಿಯುವವರು ಇಲ್ಲೇ ತಡವರಿಸುತ್ತಾರೆ. ಇವುಗಳಿಂದ ನಿಜವಾಗಿ ಉಪಯೋಗ ಇದೆಯಾ?

ನನ್ನ ಉತ್ತರ: ಬಿಳಿಬಾಲದ ಜಿಂಕೆಗೆ ಒಂದೇ ಕಡೆ ಕೂತು ಕಾಯುವವರಿಗೆ ಸ್ವಲ್ಪ ಇದೆ. ಬೆಟ್ಟದಲ್ಲಿ ನಡೆದು ಎಲ್ಕ್ (ಉತ್ತರ ಅಮೆರಿಕದ ದೊಡ್ಡ ಜಾತಿಯ ಜಿಂಕೆ) ಹುಡುಕುವವರಿಗೆ ತೀರಾ ಕಮ್ಮಿ. ಎರಡೂ ಕಡೆ ಗಾಳಿಯ ಲೆಕ್ಕ ತಪ್ಪಿದರೆ ಯಾವ ಸ್ಪ್ರೇಯೂ ಕಾಪಾಡುವುದಿಲ್ಲ. ಆದ್ದರಿಂದ ಇಲ್ಲಿ ಗಾಳಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಸಾಮಾನಿನ ಮಾತು ಅದರ ನಂತರ.

ಒಂದು ವಿಷಯ ಮೊದಲೇ ಸ್ಪಷ್ಟ ಮಾಡುತ್ತೇನೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆಗಳ ಬೇಟೆ ಅಪರಾಧ. ಈ ಬರಹ ಅಮೆರಿಕದಲ್ಲಿರುವ, ಲೈಸೆನ್ಸ್ ಪಡೆದು ಬೇಟೆಗೆ ಹೋಗುವ ಕನ್ನಡಿಗರಿಗೆ. ಉದಾಹರಣೆಗಳು ಹೆಚ್ಚಾಗಿ ಕೊಲೊರಾಡೊದವು, ಯಾಕೆಂದರೆ ಅಮೆರಿಕದ ರಾಜ್ಯಗಳಲ್ಲಿ ಎಲ್ಕ್ ಅತಿ ಜಾಸ್ತಿ ಇರುವುದು ಅಲ್ಲೇ. 1949ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಅಲ್ಲಿ ಲೈಸೆನ್ಸ್ ಕೊಳ್ಳಲು ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಇನ್ನೊಂದು ಮಾತು ನೆನಪಿಡಿ. ಫೆಡರಲ್ ಕಾನೂನು ಸಾಮಾನ್ಯವಾಗಿ ನಿಮಗೆ ಬಂದೂಕು ಇಟ್ಟುಕೊಳ್ಳಲು ಬಿಡುವುದಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಅದರಲ್ಲಿ ವಿನಾಯಿತಿ ಇದೆ. ಬಂದೂಕು ಮುಟ್ಟುವ ಮೊದಲು ಲೈಸೆನ್ಸ್ ಕೈಯಲ್ಲಿರಲಿ.

ಹಂತ 1: ಯಾವ ಮೂಗಿನ ಎದುರು ನಿಂತಿದ್ದೀರಿ ಅಂತ ತಿಳಿಯಿರಿ

ಜಿಂಕೆ ಜಾತಿಯ ಪ್ರಾಣಿಗಳು ಕಣ್ಣಿಗೆ ಬಿದ್ದದ್ದನ್ನು ಅನುಮಾನಿಸುತ್ತವೆ, ಕಿವಿಗೆ ಬಿದ್ದದ್ದನ್ನೂ ಅನುಮಾನಿಸುತ್ತವೆ. ಆದರೆ ಮೂಗಿಗೆ ಬಿದ್ದದ್ದನ್ನು ನಂಬುತ್ತವೆ. ಅಲ್ಲಾಡದೆ ನಿಂತ ಮನುಷ್ಯನನ್ನು ಜಿಂಕೆ ಎಷ್ಟೋ ಹೊತ್ತು ದಿಟ್ಟಿಸುತ್ತದೆ, ತಲೆ ತಗ್ಗಿಸಿ ಮೇಯುವಂತೆ ನಟಿಸಿ ಥಟ್ಟನೆ ಮತ್ತೆ ಎತ್ತುತ್ತದೆ, ಮುಂಗಾಲಿನಿಂದ ನೆಲ ಕುಟ್ಟುತ್ತದೆ. ಇಷ್ಟೆಲ್ಲ ನಡೆಯುವಾಗಲೂ ನಿಮಗೆ ಅವಕಾಶ ಇರುತ್ತದೆ. ಮೈವಾಸನೆ ಒಂದು ಸಲ ಮೂಗಿಗೆ ಬಡಿದರೆ ಈ ಪರೀಕ್ಷೆಯೇ ಇಲ್ಲ, ಬಾಲ ಎತ್ತಿ ಓಟ.

ಎಲ್ಕ್ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚು. ಅದು ಗುಂಪಿನಲ್ಲಿ ಇರುವ ಪ್ರಾಣಿ. ನೀವು ಕಣ್ಣಿಟ್ಟ ಗಂಡಿನ ಸುತ್ತ ಹತ್ತಾರು ಹೆಣ್ಣು ಎಲ್ಕ್‌ಗಳಿರಬಹುದು, ಪ್ರತಿಯೊಂದಕ್ಕೂ ಮೂಗಿದೆ. ಅವುಗಳಲ್ಲಿ ಒಂದು ಹಿರಿಯ ಹೆಣ್ಣು ನಾಯಿ ಬೊಗಳಿದ ಹಾಗೆ ಒಂದು ಸದ್ದು ಮಾಡಿದರೆ ಇಡೀ ಗುಂಪು ಎದ್ದು ನಿಲ್ಲುತ್ತದೆ. ಅನುಕೂಲದ ಗಾಳಿ ಇದ್ದರೆ ನೂರಾರು ಮೀಟರ್ ದೂರದಿಂದಲೇ ಮನುಷ್ಯನ ವಾಸನೆ ಹಿಡಿಯುತ್ತವೆ.

ನಮ್ಮ ಮೈಯಿಂದ ವಾಸನೆ ಬರುವುದು ಬೆವರಿನಿಂದ ಮಾತ್ರ ಅಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬೆವರನ್ನು ಒಡೆದು ಹುಳಿ ಆಮ್ಲಗಳನ್ನು ಮಾಡುತ್ತವೆ. ಉದುರುವ ಚರ್ಮದ ಸಣ್ಣ ಚೂರುಗಳು ಗಾಳಿಯಲ್ಲಿ ತೇಲುತ್ತವೆ. ಉಸಿರಿನಲ್ಲಿ ವಾಸನೆ ಇದೆ, ಕೂದಲಿನಲ್ಲಿ ಇದೆ. ನೀವು ಬದುಕಿರುವಷ್ಟು ಹೊತ್ತೂ ಇದೆಲ್ಲ ನಡೆಯುತ್ತಲೇ ಇರುತ್ತದೆ. ಸ್ನಾನ ಮುಗಿಸಿ ಬಂದ ಕ್ಷಣದಿಂದಲೇ ಮತ್ತೆ ಶುರು. ಪೂರ್ತಿ ವಾಸನೆ ಇಲ್ಲದ ಮನುಷ್ಯ ಅಂತ ಯಾರೂ ಇಲ್ಲ, ಯಾವ ಸಾಮಾನೂ ಹಾಗೆ ಮಾಡಲಾರದು.

ಹಂತ 2: ಗಾಳಿ ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳಿ

ಮೊದಲು ಕೊಳ್ಳಬೇಕಾದದ್ದು ಗಾಳಿ ನೋಡುವ ಪುಡಿಯ ಬಾಟಲಿ. ಕೆಲವೇ ಡಾಲರ್. ಒತ್ತಿದರೆ ವಾಸನೆ ಇಲ್ಲದ ನುಣುಪು ಪುಡಿ ಹೊಗೆಯಂತೆ ಹೊರಬರುತ್ತದೆ, ಗಾಳಿ ಎತ್ತ ಹೋಗುತ್ತಿದೆ ಅಂತ ತೋರಿಸುತ್ತದೆ. ಅಂಗಿಯ ಜೇಬಿನಲ್ಲಿ ಇಡಿ, ಬ್ಯಾಗಿನ ಒಳಗೆ ಇಟ್ಟರೆ ಯಾರೂ ತೆಗೆಯುವುದಿಲ್ಲ. ನಡೆಯುವಾಗ ಐದೈದು ನಿಮಿಷಕ್ಕೆ ಒಂದು ಸಲ ಒತ್ತಿ.

ಪುಡಿಗೆ ಒಂದು ಮಿತಿ ಇದೆ. ನಿಮ್ಮ ಮುಂದಿನ ಎರಡು ಮೂರು ಮೀಟರ್‌ನಲ್ಲೇ ಕರಗಿಹೋಗುತ್ತದೆ. ಅದರಾಚೆ ಗಾಳಿ ಎಲ್ಲಿ ತಿರುಗುತ್ತಿದೆ ಅಂತ ಗೊತ್ತಾಗಲು ಮಿಲ್ಕ್‌ವೀಡ್ ಗಿಡದ ಹತ್ತಿ ಬೇಕು. ನಮ್ಮ ಊರಿನ ಎಕ್ಕದ ಗಿಡದ ಸಂಬಂಧಿ ಅದು. ಕಾಯಿ ಒಣಗಿ ಬಿರಿದಾಗ ಬರುವ ರೇಷ್ಮೆಯಂಥ ಹತ್ತಿ ಎರಡರಲ್ಲೂ ಒಂದೇ ಥರ. ಶರತ್ಕಾಲದಲ್ಲಿ ರಸ್ತೆ ಬದಿಯಲ್ಲಿ ಒಣಗಿದ ಕಾಯಿ ಸಿಗುತ್ತದೆ. ಬೀಜ ಕಿತ್ತು ಅಲ್ಲೇ ಉದುರಿಸಿ, ಹತ್ತಿಯನ್ನು ಸಣ್ಣ ಡಬ್ಬಿಗೆ ತುಂಬಿಕೊಳ್ಳಿ.

ಒಂದು ಎಳೆ ಬಿಟ್ಟು ಅದನ್ನೇ ನೋಡುತ್ತಾ ನಿಲ್ಲಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಸ್ಪ್ರೂಸ್ ಮರಗಳ ನಡುವಿನ ಇಳಿಜಾರಿನಲ್ಲಿ ಬಿಟ್ಟ ಎಳೆ ಮೊದಲು ನಿಧಾನವಾಗಿ ಕೆಳಗೆ ಇಳಿಯುತ್ತದೆ. ಹತ್ತು ಹದಿನೈದು ಮೀಟರ್ ಹೋಗಿ ಬಿಸಿಲು ಬಿದ್ದ ಬಂಡೆಯ ಹತ್ತಿರ ನಿಂತಂತೆ ಆಗುತ್ತದೆ. ಆಮೇಲೆ ಅಲ್ಲಿಂದ ನೇರ ಮೇಲೆ ಏರಿ, ನಿಮ್ಮ ತಲೆಯ ಮೇಲಿಂದಲೇ ಹಿಂದಕ್ಕೆ ಹೋಗುತ್ತದೆ. ಕೆನ್ನೆಗೆ ತಾಗುವ ಗಾಳಿ ಒಂದು ದಿಕ್ಕು ಹೇಳುತ್ತಿದ್ದರೆ ವಾಸನೆ ಹೋಗುತ್ತಿರುವುದು ಇನ್ನೊಂದು ದಿಕ್ಕಿಗೆ. ಪುಡಿಯ ಬಾಟಲಿ ಇದನ್ನು ತೋರಿಸುವುದಿಲ್ಲ.

ಹಂತ 3: ಬೆಟ್ಟದ ಗಾಳಿಯ ದಿನಚರಿ ಕಲಿಯಿರಿ

ಫೋನಿನ ಹವಾಮಾನ ಆಪ್ ಹೇಳುವುದು ಇಡೀ ಪ್ರದೇಶದ ಮೇಲೆ ಬೀಸುವ ಗಾಳಿ. ಬೆಟ್ಟದ ಕೊಳ್ಳದೊಳಗೆ ಅದರ ಜೊತೆಗೆ ಇನ್ನೊಂದು ಗಾಳಿ ಇದೆ, ಇಂಗ್ಲಿಷಿನಲ್ಲಿ ಥರ್ಮಲ್ ಅನ್ನುತ್ತಾರೆ. ತಂಪಾದ ಗಾಳಿ ಭಾರ, ಇಳಿಯುತ್ತದೆ. ಬಿಸಿಯಾದ ಗಾಳಿ ಹಗುರ, ಏರುತ್ತದೆ. ಎಲ್ಕ್ ಬೇಟೆಯ ಅರ್ಧ ಕೆಲಸ ಈ ಏರಿಳಿತದ ವೇಳಾಪಟ್ಟಿ ತಿಳಿಯುವುದು.

ರಾತ್ರಿಯಿಡೀ ತಣ್ಣಗಾದ ಗಾಳಿ ಇಳಿಜಾರಿನಿಂದ ಕೊಳ್ಳಕ್ಕೆ, ಕೊಳ್ಳದಿಂದ ಹಳ್ಳದ ಗುಂಟ ಕೆಳಗೆ ನೀರಿನಂತೆಯೇ ಹರಿಯುತ್ತದೆ. ಬೆಳಕು ಹರಿಯುವಾಗಲೂ ಹೀಗೇ. ಆಗ ನೀವು ಪ್ರಾಣಿಗಿಂತ ಕೆಳಗೆ ಇರಬೇಕು.

ಬಿಸಿಲು ಬಿದ್ದ ಮೇಲೆ ಬದಲಾವಣೆ ಶುರು. ಎಲ್ಲ ಕಡೆ ಒಂದೇ ಸಲ ಅಲ್ಲ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಬಿಸಿಯಾಗುತ್ತದೆ. ಉತ್ತರಕ್ಕೆ ಮುಖ ಮಾಡಿದ ದಟ್ಟ ಕಾಡು ಕೊನೆಗೆ. ಸೆಪ್ಟೆಂಬರಿನ ನಿರ್ಮಲ ದಿನದಲ್ಲಿ ಎಂಟೂವರೆಯಿಂದ ಹತ್ತರ ನಡುವೆ ಗಾಳಿ ಹಿಂದೆ ಮುಂದೆ ಆಡುತ್ತದೆ, ಸುತ್ತುತ್ತದೆ. ಗುಂಪಿನ ಹತ್ತಿರ ಹೋಗಲು ದಿನದ ಅತ್ಯಂತ ಕೆಟ್ಟ ಹೊತ್ತು ಇದು. ಎಲ್ಕ್ ಕೂಗುತ್ತಲೇ ಇದ್ದರೂ ನಾನು ಆಗ ಕೂರುವುದನ್ನೇ ಆರಿಸುತ್ತೇನೆ. ಗಾಳಿ ಮೇಲ್ಮುಖವಾಗಿ ಗಟ್ಟಿಯಾಗುವವರೆಗೆ ಕಾಯಿರಿ. ನಂತರ ಮಧ್ಯಾಹ್ನದವರೆಗೆ ನೀವು ಪ್ರಾಣಿಗಿಂತ ಮೇಲೆ ಅಥವಾ ಅದರ ಮಟ್ಟದಲ್ಲೇ ಪಕ್ಕದಲ್ಲಿ ಇರಬೇಕು.

ಸಂಜೆ ಇದು ತಿರುಗುಮುರುಗಾಗುತ್ತದೆ. ಪೂರ್ವದ ಇಳಿಜಾರಿಗೆ ನೆರಳು ಮೊದಲು ಬರುತ್ತದೆ, ಸೂರ್ಯ ಮುಳುಗುವ ಮೊದಲೇ ಅಲ್ಲಿ ಗಾಳಿ ಇಳಿಯಲು ಶುರು. ಹುಲ್ಲುಗಾವಲಿನ ಮೇಲ್ತುದಿಯಲ್ಲಿ ಕೂತು ಸಂಜೆ ಎಲ್ಕ್ ಬರಲಿ ಅಂತ ಕಾಯುವವರು ಇಲ್ಲೇ ಸೋಲುತ್ತಾರೆ. ನಾಲ್ಕು ಗಂಟೆಗೆ ಸರಿಯಾಗಿದ್ದ ಜಾಗ ಆರು ಗಂಟೆಗೆ ಅವರ ವಾಸನೆಯನ್ನು ಇಡೀ ಹುಲ್ಲುಗಾವಲಿಗೆ ಸುರಿಯುತ್ತಿರುತ್ತದೆ.

ಮೋಡ ಕವಿದ ದಿನ ಥರ್ಮಲ್ ದುರ್ಬಲ, ನಂಬಲು ಆಗುವುದಿಲ್ಲ. ಒಂದೇ ದಿಕ್ಕಿನಿಂದ ಜೋರಾಗಿ ಬೀಸುವ ಗಾಳಿ ಇದ್ದರೆ ಅದು ಥರ್ಮಲ್ಲನ್ನು ಮೀರಿಸುತ್ತದೆ, ನಿಮಗೂ ಲೆಕ್ಕ ಸುಲಭ. ಗಾಳಿಯೇ ಇಲ್ಲ ಅನಿಸುವ ದಿನ ಒಳ್ಳೆಯದು ಅಂದುಕೊಳ್ಳಬೇಡಿ. ಆ ದಿನ ನಿಮ್ಮ ವಾಸನೆ ನಿಮ್ಮ ಸುತ್ತಲೇ ಕೆರೆಯಂತೆ ನಿಂತು ಎಲ್ಲ ಕಡೆಗೂ ಹರಡುತ್ತದೆ.

ಹಂತ 4: ಹತ್ತಿರ ಹೋಗುವ ದಾರಿಯನ್ನು ಗಾಳಿಗೆ ತಕ್ಕಂತೆ ಹಾಕಿ

ಎಲ್ಕ್ ಹಗಲಲ್ಲಿ ಮಲಗುವುದು ಸಾಮಾನ್ಯವಾಗಿ ಉತ್ತರದ ಇಳಿಜಾರಿನ ದಟ್ಟ ಮರಗಳ ನಡುವಿನ ಸಣ್ಣ ಸಮತಟ್ಟುಗಳಲ್ಲಿ. ಏಣಿನ (ಬೆಟ್ಟದ ನೆತ್ತಿಯ ಉದ್ದ ಅಂಚಿನ) ಮೇಲಿಂದ ಬೀಸುವ ಗಾಳಿ ಬೆನ್ನ ಕಡೆಯ ಸುದ್ದಿ ತರುತ್ತದೆ, ಕೆಳಗಿಂದ ಏರುವ ಥರ್ಮಲ್ ಮುಂದಿನ ಸುದ್ದಿ ತರುತ್ತದೆ. ಜಾಗ ಆರಿಸುವುದರಲ್ಲಿ ಅವು ಬುದ್ಧಿವಂತ. ಆದ್ದರಿಂದ ನೇರ ಕೆಳಗಿಂದ ಹತ್ತಬೇಡಿ, ನೇರ ಮೇಲಿಂದ ಇಳಿಯಬೇಡಿ. ಅದೇ ಎತ್ತರದಲ್ಲಿ ಅಡ್ಡಡ್ಡ ನಡೆದು ಪಕ್ಕದಿಂದ ಹೋಗಿ. ದೂರ ಜಾಸ್ತಿ, ಆದರೆ ಎರಡೂ ಗಾಳಿಯಿಂದ ತಪ್ಪಿಸಿಕೊಳ್ಳುವ ದಾರಿ ಇದೊಂದೇ.

ಎಲ್ಕ್‌ನಂತೆ ಕೂಗಿ ಅದನ್ನು ಕರೆಯುವ ಬೇಟೆಯಲ್ಲಿ ಇನ್ನೊಂದು ವಿಷಯ ಇದೆ. ಕರೆಗೆ ಬರುವ ಗಂಡು ಎಲ್ಕ್ ನೇರ ಬರುವುದು ಅಪರೂಪ. ಗಾಳಿ ಬೀಸಿ ಹೋಗುವ ಕಡೆಗೆ ಬಳಸಿಕೊಂಡು ಬಂದು, ಕೂಗಿದವರು ಯಾರು ಅಂತ ಮೂಸಿ ನೋಡಲು ಯತ್ನಿಸುತ್ತದೆ. ಇದನ್ನು ತಡೆಯಲು ಯಾವ ಸ್ಪ್ರೇಗೂ ಆಗುವುದಿಲ್ಲ, ಬದಲಿಗೆ ಈ ಅಭ್ಯಾಸವನ್ನೇ ಉಪಯೋಗಿಸಿಕೊಳ್ಳಿ. ಇಬ್ಬರು ಹೋಗಿ. ಬಿಲ್ಲು ಹಿಡಿದವರು ಮುಂದೆ, ಕರೆಯುವವರು ಐವತ್ತು ಅರವತ್ತು ಮೀಟರ್ ಹಿಂದೆ. ಬಿಲ್ಲಿನವರು ನೇರ ಗೆರೆಯಲ್ಲಿ ನಿಲ್ಲದೆ, ಪ್ರಾಣಿ ಬಳಸಿ ಬರುವ ಬದಿಗೆ ಸರಿದು ನಿಲ್ಲಬೇಕು. ಅದು ಕರೆಯುವವರ ವಾಸನೆ ಹುಡುಕುತ್ತಾ ಬರುವಾಗ, ಆ ವಾಸನೆ ಸಿಗುವ ಮೊದಲೇ ಬಿಲ್ಲಿನ ಅಳತೆಗೆ ಬಂದಿರುತ್ತದೆ.

ಹಂತ 5: ಮೈ, ಬಟ್ಟೆ, ಮನೆಯ ವಾಸನೆ

ಇಲ್ಲಿ ನಮ್ಮ ಮನೆಗಳ ವಿಷಯ ಬೇರೆಯಾಗಿಯೇ ಹೇಳಬೇಕು. ಬೇಟೆ ಜಾಕೆಟ್ಟನ್ನು ಬಾಗಿಲ ಪಕ್ಕದ ಕ್ಲಾಸೆಟ್ಟಿನಲ್ಲಿ ತೂಗುಹಾಕಿದ್ದೀರಿ, ಹತ್ತು ಹೆಜ್ಜೆ ಆಚೆ ಅಡುಗೆಮನೆ. ಇಂಗು, ಬೆಳ್ಳುಳ್ಳಿ, ಕರಿಬೇವು ಹಾಕಿದ ಒಗ್ಗರಣೆಯ ಹೊಗೆ ದಿನಾ ಅದಕ್ಕೆ ಹತ್ತುತ್ತದೆ. ಬೆಳಿಗ್ಗೆ ಊದುಬತ್ತಿ, ಕರ್ಪೂರ. ತಲೆಗೆ ಕೊಬ್ಬರಿ ಎಣ್ಣೆ. ಒಳಗೇ ಇರುವ ನಮಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಹೊರಗಿನಿಂದ ಬಂದವರಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ ಅಲ್ವಾ? ಬೇಟೆ ಬಟ್ಟೆ ಮನೆಯೊಳಗೆ ಇರಲೇಬಾರದು. ಒಗೆದು, ಹೊರಗೆ ಗಾಳಿಯಲ್ಲಿ ಒಣಗಿಸಿ, ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಗ್ಯಾರೇಜಿನಲ್ಲಿ ಇಡಿ. ಪೆಟ್ರೋಲ್ ಕ್ಯಾನಿನ ಪಕ್ಕದಲ್ಲಿ ಮಾತ್ರ ಬೇಡ.

ಒಗೆಯಲು ಪರಿಮಳ ಇಲ್ಲದ ಡಿಟರ್ಜೆಂಟ್ ಸಾಕು. ಲೇಬಲ್ ಓದಿ, ಬಟ್ಟೆ ಬೆಳ್ಳಗೆ ಹೊಳೆಯುವಂತೆ ಮಾಡುವ ಆಪ್ಟಿಕಲ್ ಬ್ರೈಟ್ನರ್ ಇರದಂಥದ್ದನ್ನು ಆರಿಸಿ. ಕೆಲವು ಪರಿಮಳರಹಿತ ಡಿಟರ್ಜೆಂಟುಗಳಲ್ಲೂ ಅದು ಇರುತ್ತದೆ. ಜಿಂಕೆಗಳಿಗೆ ಕೆಂಪು, ಕಿತ್ತಳೆ ಸರಿಯಾಗಿ ಕಾಣದಿದ್ದರೂ ನೀಲಿ ಬೆಳಕು ಚೆನ್ನಾಗಿ ಕಾಣುತ್ತದೆ, ಬ್ರೈಟ್ನರ್ ಬಟ್ಟೆಯನ್ನು ಆ ಬಣ್ಣದಲ್ಲೇ ಹೊಳೆಯಿಸುತ್ತದೆ. ನೀರಿಗೆ ಅರ್ಧ ಕಪ್ ಅಡುಗೆ ಸೋಡಾ ಹಾಕಿ, ಬೆವರಿನ ಹುಳಿ ಆಮ್ಲಗಳನ್ನು ಅದು ತಗ್ಗಿಸುತ್ತದೆ. ಡ್ರೈಯರಿನಲ್ಲಿ ಹಾಕುವ ಪರಿಮಳದ ಹಾಳೆ ಬೇಡವೇ ಬೇಡ.

ಬೆಳ್ಳುಳ್ಳಿಯ ಗಂಧಕದ ವಾಸನೆ ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಗಂಟೆಗಟ್ಟಲೆ ಹೊರಬರುತ್ತದೆ, ಹಲ್ಲುಜ್ಜಿದರೆ ಹೋಗುವುದಿಲ್ಲ. ಹಿಂದಿನ ದಿನದಿಂದ ಹಸಿ ಈರುಳ್ಳಿ, ಬೆಳ್ಳುಳ್ಳಿ ಬಿಟ್ಟರೆ ಒಳ್ಳೆಯದು. ಊಟವನ್ನೇ ಬದಲಿಸುವಷ್ಟು ತಲೆ ಕೆಡಿಸಿಕೊಳ್ಳಬೇಡಿ, ಮೊಸರನ್ನ ತಿಂದು ಹೋದರೂ ನೀವು ಮನುಷ್ಯನ ವಾಸನೆಯಲ್ಲೇ ಇರುತ್ತೀರಿ.

ಬೆವರಿನ ಲೆಕ್ಕ ಮಾತ್ರ ಗಟ್ಟಿಯಾಗಿ ಹಿಡಿಯಿರಿ. ಚಳಿ ಅಂತ ದಪ್ಪ ಜಾಕೆಟ್ ಹಾಕಿಕೊಂಡು ಮುನ್ನೂರು ಮೀಟರ್ ಬೆಟ್ಟ ಹತ್ತಿದರೆ ಮೇಲೆ ತಲುಪುವಾಗ ಒಳಗೆಲ್ಲ ಒದ್ದೆ. ತೆಳುವಾದ ಮೆರಿನೊ ಉಣ್ಣೆಯ ಬನಿಯನ್ನಿನಲ್ಲಿ ನಿಧಾನಕ್ಕೆ ಹತ್ತಿ, ಜಾಕೆಟ್ ಬ್ಯಾಗಿನಲ್ಲಿರಲಿ. ಪಾಲಿಯೆಸ್ಟರಿಗಿಂತ ಮೆರಿನೊದಲ್ಲಿ ಬೆವರಿನ ವಾಸನೆ ಕಮ್ಮಿ. ಜಾಗ ತಲುಪಿದ ಮೇಲೆ ಜಿಪ್ ಚೀಲದಲ್ಲಿಟ್ಟ ಒಣ ಬನಿಯನ್ ಹಾಕಿಕೊಂಡು, ಒದ್ದೆಯದನ್ನು ಅದೇ ಚೀಲದಲ್ಲಿ ಮುಚ್ಚಿ. ಬ್ಯಾಗಿನ ಪಟ್ಟಿ ಮತ್ತು ಟೋಪಿಯನ್ನು ಎಲ್ಲರೂ ಮರೆಯುತ್ತಾರೆ. ಋತುವಿಡೀ ಬೆವರು ಕುಡಿದಿರುವುದು ಅವೇ.

ಹಂತ 6: ಅಂಗಡಿಯ ಸಾಮಾನನ್ನು ಒಂದೊಂದಾಗಿ ತೂಗಿ ನೋಡಿ

ಸ್ಪ್ರೇ: ಬಟ್ಟೆ, ಬೂಟು, ಬ್ಯಾಗಿನ ಮೇಲಿನ ಹಳೆಯ ವಾಸನೆಯನ್ನು ಸ್ವಲ್ಪ ತಗ್ಗಿಸುತ್ತದೆ. ಮೈಯಿಂದ ಹೊಸದಾಗಿ ಹೊರಡುವ ವಾಸನೆಗೂ ಉಸಿರಿಗೂ ಅದರಿಂದ ಏನೂ ಆಗುವುದಿಲ್ಲ. ಟ್ರಕ್ಕಿನಿಂದ ಇಳಿದಾಗ ಬೂಟಿಗೆ, ಬ್ಯಾಗಿಗೆ ಹೊಡೆಯಿರಿ, ಸಾಕು.

ಇದ್ದಿಲಿನ ಬಟ್ಟೆ: ದುಡ್ಡು ಹೋಗುವುದು ಇಲ್ಲೇ. ಸಕ್ರಿಯ ಇದ್ದಿಲು ನಿಜಕ್ಕೂ ವಾಸನೆ ಹಿಡಿದಿಡುತ್ತದೆ, ಒಂದು ಗ್ರಾಮಿನೊಳಗೆ ನೂರಾರು ಚದರ ಮೀಟರ್ ಮೇಲ್ಮೈ ಇರುತ್ತದೆ. ಅದು ತುಂಬಿದ ಮೇಲೆ ಏನು? ಕಾರ್ಖಾನೆಗಳಲ್ಲಿ ಅದನ್ನು ಮತ್ತೆ ಖಾಲಿ ಮಾಡಲು 700 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸುತ್ತಾರೆ. ಮನೆಯ ಡ್ರೈಯರ್ ಅದರ ಹತ್ತನೇ ಒಂದು ಭಾಗ ಮುಟ್ಟಿದರೆ ಹೆಚ್ಚು. ಡ್ರೈಯರಿನಲ್ಲಿ ಹಾಕಿದರೆ ಸ್ವಲ್ಪ ಜಾಗ ಬಿಡುಗಡೆ ಆಗಬಹುದು, ಹೊಸದರಂತೆ ಆಗುವುದಿಲ್ಲ. ಮಿನ್ನೆಸೋಟಾದ ಕೆಲವು ಬೇಟೆಗಾರರು ಇಂಥ ಬಟ್ಟೆಯ ಜಾಹೀರಾತುಗಳ ಮೇಲೆ ಕೋರ್ಟಿಗೇ ಹೋದರು. 2010ರಲ್ಲಿ ಫೆಡರಲ್ ಜಿಲ್ಲಾ ಕೋರ್ಟ್, ವಾಸನೆ ಪೂರ್ತಿ ತೆಗೆಯುತ್ತದೆ ಎಂಬಂಥ ಮಾತುಗಳನ್ನು ಸುಳ್ಳು ಅಂದಿತು. 2011ರಲ್ಲಿ ಮೇಲ್ಮನವಿ ಕೋರ್ಟ್ ಜಾಹೀರಾತಿನ ಮೇಲಿನ ತಡೆಯನ್ನು ತೆಗೆದುಹಾಕಿತು. ಎರಡೂ ಕಡೆಯವರು ತಮಗೆ ಬೇಕಾದ ತೀರ್ಪನ್ನೇ ಈಗಲೂ ಹೇಳುತ್ತಾರೆ.

ನನಗೆ ಹೆಚ್ಚು ನಂಬಿಕೆ ಇರುವುದು ನಾಯಿಗಳ ಪರೀಕ್ಷೆಯಲ್ಲಿ. ಕಳೆದುಹೋದವರನ್ನು ಹುಡುಕಲು ಪಳಗಿಸಿದ ನಾಯಿಗಳನ್ನು ಇಂಥ ಬಟ್ಟೆ ತೊಟ್ಟು ಅಡಗಿದವರ ಹಿಂದೆ ಬಿಟ್ಟು ನಡೆಸಿದ ಅಧ್ಯಯನ 2002ರಲ್ಲಿ ಅಮೆರಿಕದ ವನ್ಯಜೀವಿ ವಿಜ್ಞಾನ ಪತ್ರಿಕೆಯಲ್ಲಿ ಬಂತು. ನಾಯಿಗಳು ಬಹುತೇಕ ಎಲ್ಲರನ್ನೂ ಹುಡುಕಿದವು. ಹುಡುಕಾಟದ ಮೇಲೆ ಪರಿಣಾಮ ಬೀರಿದ್ದು ಗಾಳಿಯ ಚಂಚಲತೆ, ತೇವದಂಥ ಹವಾಮಾನದ ಸಂಗತಿಗಳು. ಜಿಂಕೆ ನಾಯಿಯಲ್ಲ, ನಿಜ. ಆದರೂ ಆ ದುಡ್ಡಿನಲ್ಲಿ ನಾನು ಒಳ್ಳೆಯ ಬೂಟು ಕೊಳ್ಳುತ್ತೇನೆ.

ಓಝೋನ್ ಯಂತ್ರ: ಓಝೋನ್ ವಾಸನೆಯ ಕಣಗಳ ಜೊತೆ ಸೇರಿ ಅವನ್ನು ಒಡೆಯುತ್ತದೆ. ಬಟ್ಟೆ ಇಟ್ಟ ಮುಚ್ಚಿದ ಚೀಲದಲ್ಲಿ ಇದು ಕೆಲಸ ಮಾಡುತ್ತದೆ. ಬಯಲಿನಲ್ಲಿ ಗಾಳಿ ಬೀಸುವಾಗ ಎಷ್ಟು ಮಾಡೀತು ಅನ್ನುವುದರಲ್ಲಿ ನನಗೆ ಅನುಮಾನ. ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು ಎಂಬುದನ್ನು ಮಾತ್ರ ಮರೆಯಬೇಡಿ. ಅಮೆರಿಕದಲ್ಲಿ ಕೆಲಸದ ಜಾಗಗಳಿಗೆ ಎಂಟು ಗಂಟೆಯ ಮಿತಿ ಹತ್ತು ಲಕ್ಷದಲ್ಲಿ 0.1 ಭಾಗ. ಆಸ್ತಮಾ ಇದ್ದವರು ಇದರ ಹತ್ತಿರವೂ ಹೋಗಬೇಡಿ, ಯಾರೂ ಮುಚ್ಚಿದ ಕೋಣೆಯಲ್ಲೋ ಕಾರಿನಲ್ಲೋ ಕೂತು ಹಚ್ಚಬೇಡಿ. ಎಲಾಸ್ಟಿಕ್, ರಬ್ಬರ್ ಕೂಡ ಇದರಿಂದ ಬೇಗ ಹಾಳಾಗುತ್ತವೆ.

ಜಿಂಕೆ ಮೂತ್ರದ ಬಾಟಲಿ: ಪ್ರಾಣಿಯನ್ನು ಸೆಳೆಯಲು, ಮೈವಾಸನೆ ಮರೆಮಾಡಲು ಅಂತ ಮಾರುತ್ತಾರೆ. ನನ್ನ ಸಲಹೆ, ಬೇಡ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನುವ ಮಾರಕ ರೋಗ ಜಿಂಕೆ, ಎಲ್ಕ್‌ಗಳಲ್ಲಿ ಹರಡುತ್ತಿದೆ. ಮೊದಲು ಕಂಡದ್ದು 1967ರಲ್ಲಿ, ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನ ಸಂಶೋಧನಾ ಕೇಂದ್ರದ ಜಿಂಕೆಗಳಲ್ಲಿ. ರೋಗ ತರುವ ಪ್ರಿಯಾನ್ (ಆಕಾರ ಕೆಟ್ಟ ಒಂದು ಪ್ರೋಟೀನ್) ಮೂತ್ರದಲ್ಲೂ ಬರುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಲಾಸ್ಕಾ, ವರ್ಜೀನಿಯಾ, ವರ್ಮಾಂಟ್‌ನಂಥ ರಾಜ್ಯಗಳು ನಿಜವಾದ ಮೂತ್ರದ ಬಳಕೆಯನ್ನು ನಿಷೇಧಿಸಿವೆ. ಬಳಸಲೇಬೇಕು ಅಂದರೆ ಕೃತಕವಾಗಿ ತಯಾರಿಸಿದ್ದನ್ನು, ನಿಮ್ಮ ರಾಜ್ಯದ ಆ ವರ್ಷದ ನಿಯಮ ಓದಿ ಬಳಸಿ.

ಹಂತ 7: ಮರದ ಅಟ್ಟಣೆಯಲ್ಲಿ ಕೂರುವವರಿಗೆ

ಪೆನ್ಸಿಲ್ವೇನಿಯಾ, ಅಯೋವಾದಂಥ ಕಡೆ ಬಿಳಿಬಾಲದ ಜಿಂಕೆಗೆ ಮರದ ಮೇಲೆ ಅಟ್ಟಣೆ ಕಟ್ಟಿ ಕಾಯುತ್ತಾರೆ. ವಾಸನೆ ತಗ್ಗಿಸುವ ಶ್ರಮಕ್ಕೆ ಅಷ್ಟೋ ಇಷ್ಟೋ ಫಲ ಸಿಗುವುದು ಇಲ್ಲಿ. ಕಾರಣ ಇದೆ. ನೀವು ನಡೆದು ಬೆವರಿಲ್ಲ, ಪ್ರಾಣಿ ಬರುವ ದಾರಿ ಗೊತ್ತು, ದೂರ ಇಪ್ಪತ್ತು ಮೂವತ್ತು ಮೀಟರ್. ಹೊಲ, ತೋಟದ ಮನೆಗಳ ನಡುವೆ ಬದುಕುವ ಜಿಂಕೆಗೆ ಮನುಷ್ಯನ ತೆಳು ವಾಸನೆ ದಿನಾ ಸಿಗುವಂಥದ್ದೇ. ದಟ್ಟ ವಾಸನೆಗೆ ಓಡುವ ಜಿಂಕೆ ತೆಳು ವಾಸನೆಗೆ ಅರೆಕ್ಷಣ ಅನುಮಾನಿಸಿ ನಿಲ್ಲಬಹುದು. ಆ ಅರೆಕ್ಷಣಕ್ಕಾಗಿ ಇಷ್ಟೆಲ್ಲ ಒಗೆಯುವುದು.

ನೆಲದ ಮೇಲೆ ಬಿಟ್ಟುಹೋಗುವ ಜಾಡು ಇಲ್ಲಿ ಮುಖ್ಯ. ಮೊಣಕಾಲವರೆಗಿನ ರಬ್ಬರ್ ಬೂಟು ಹಾಕಿ, ಅದನ್ನು ಪೆಟ್ರೋಲ್ ಬಂಕಿನಲ್ಲಿ ತುಳಿದಾಡಬೇಡಿ, ಜಾಗಕ್ಕೆ ಹೋದ ಮೇಲೆ ಬದಲಿಸಿ. ಜಿಂಕೆಯ ಕಾಲುದಾರಿಯಲ್ಲಿ ನಡೆಯಬೇಡಿ. ಸಣ್ಣ ಹಳ್ಳ ಇದ್ದರೆ ನೀರಿನಲ್ಲೇ ನಡೆದು ಹೋಗಿ. ಕೊಂಬೆ, ಪೊದೆಗಳನ್ನು ಕೈಯಿಂದ ಸರಿಸಬೇಡಿ. ಎರಡು ಮೂರು ಅಟ್ಟಣೆ ಬೇರೆ ಬೇರೆ ಗಾಳಿಗೆ ಅಂತ ಸಿದ್ಧವಿರಲಿ, ಬೆಳಿಗ್ಗೆ ಗಾಳಿ ನೋಡಿ ಯಾವುದಕ್ಕೆ ಹೋಗಬೇಕು ಅಂತ ತೀರ್ಮಾನಿಸಿ. ಆರು ಮೀಟರ್ ಎತ್ತರದಲ್ಲಿ ಕೂತರೆ ವಾಸನೆ ಹತ್ತಿರದ ಜಿಂಕೆಯ ತಲೆ ಮೇಲಿಂದ ಹೋಗಬಹುದು, ಆದರೆ ಸಂಜೆ ಗಾಳಿ ತಣ್ಣಗಾದಾಗ ಕೆಳಗೆ ಇಳಿಯುತ್ತದೆ. ಹತ್ತುವಾಗಲೂ ಇಳಿಯುವಾಗಲೂ ಸೇಫ್ಟಿ ಹಾರ್ನೆಸ್ ಕಟ್ಟಿಯೇ ಇರಲಿ.

ರೈಫಲ್ ಬೇಟೆಗೆ ಹೋಗುವವರು ಹಂತ 5, 6ನ್ನು ಹಗುರವಾಗಿ ತೆಗೆದುಕೊಳ್ಳಬಹುದು. 200 ಮೀಟರ್ ಆಚೆಯಿಂದ ಹೊಡೆಯುವವರಿಗೆ ಗಾಳಿಯ ದಿಕ್ಕು ಸರಿ ಇದ್ದರೆ ಸಾಕು.

ಹಂತ 8: ಗಾಳಿ ಕೈಕೊಟ್ಟಾಗ

ಕುತ್ತಿಗೆಯ ಹಿಂದೆ ತಂಪು ತಾಗಿತು, ಹತ್ತಿ ಎಳೆ ಪ್ರಾಣಿಯ ಕಡೆ ಹೊರಟಿತು ಅಂದರೆ ಕೂತು ಆಸೆ ಪಡಬೇಡಿ. ಬಂದ ದಾರಿಯಲ್ಲೇ ಮೆಲ್ಲಗೆ ಹಿಂದೆ ಸರಿಯಿರಿ, ಬಳಸಿಕೊಂಡು ಬನ್ನಿ, ಇಲ್ಲವೇ ಸಂಜೆಯ ಗಾಳಿಗೆ ಕಾಯಿರಿ. ನಿಮ್ಮನ್ನು ಬರೀ ನೋಡಿದ ಅಥವಾ ಕೇಳಿಸಿಕೊಂಡ ಎಲ್ಕ್ ಗುಂಪು ಸ್ವಲ್ಪ ದೂರ ಹೋಗಿ ನಿಂತು ಸುಧಾರಿಸಿಕೊಳ್ಳಬಹುದು, ಅರ್ಧ ಗಂಟೆ ಬಿಟ್ಟು ಹಿಂಬಾಲಿಸಿ. ವಾಸನೆ ಹಿಡಿದ ಗುಂಪು ಸಾಮಾನ್ಯವಾಗಿ ಆ ಕೊಳ್ಳವನ್ನೇ ಬಿಟ್ಟು ಏಣು ದಾಟಿ ಹೋಗುತ್ತದೆ. ಅದರ ಹಿಂದೆ ಓಡುವುದು ವ್ಯರ್ಥ, ಬೇರೆ ಕೊಳ್ಳ ಹುಡುಕಿ. ಬಿಳಿಬಾಲದ ಜಿಂಕೆ ತನ್ನ ಪ್ರದೇಶ ಬಿಟ್ಟು ಹೋಗುವುದಿಲ್ಲ, ಆದರೆ ಆ ಮರವನ್ನು ನೆನಪಿಟ್ಟುಕೊಂಡು ಸುತ್ತು ಹಾಕಿ ನಡೆಯುತ್ತದೆ. ಆ ಅಟ್ಟಣೆಗೆ ಕೆಲವು ದಿನ ರಜೆ ಕೊಟ್ಟು ಇನ್ನೊಂದಕ್ಕೆ ಹೋಗಿ.